ಒಂದೇ ಒಂದನ್ನು ಮಾಡಿಸಿಕೊಳ್ಳುವ ವಿದ್ಯೆ

ಕೈಗಾರಿಕೆಯನ್ನು ಕುರಿತು ನಮ್ಮ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಡೆಯುವ ಚರ್ಚೆಯನ್ನು ಗಮನಿಸಿದರೆ, ಮಾತೆಲ್ಲವೂ ದೊಡ್ಡ ಸಂಖ್ಯೆಗಳ ಸುತ್ತಲೇ ಸುಳಿಯುತ್ತಿರುವುದು ಕಂಡುಬರುತ್ತದೆ: ಇಷ್ಟು ಲಕ್ಷ ಫೋನುಗಳು ತಯಾರಾದುವು, ಇಷ್ಟು ಸಾವಿರ ವಾಹನಗಳು ರಫ್ತಾದುವು, ಇಷ್ಟು ಕೋಟಿ ಬಂಡವಾಳ ಹರಿದು ಬರಲಿದೆ ಎಂದು. ಈ ಸಂಖ್ಯೆಗಳು ಉಪೇಕ್ಷೆಗೆ ಅರ್ಹವೆಂದು ನಾನು ಹೇಳುವುದಿಲ್ಲ. ಆದರೆ ನೀರೆತ್ತುವ ಪಂಪಾಗಲಿ, ವೈದ್ಯರ ಉಪಕರಣವಾಗಲಿ, ರೈತನ ಬಿತ್ತನೆಯ ಯಂತ್ರವಾಗಲಿ, ಅದರ ಲಕ್ಷ ಪ್ರತಿಗಳು ಪೇಟೆಗೆ ಬರುವುದಕ್ಕೆ ಮುಂಚೆ ಅದರ ಒಂದೇ ಒಂದು ಪ್ರತಿಯನ್ನು ಯಾರೋ ಒಬ್ಬರು ಮತ್ತಾರಿಂದಲೋ ಮಾಡಿಸಿಕೊಂಡಿರಬೇಕು. ಆ ಮೊದಲನೆಯದು ಕೆಟ್ಟು, ಎರಡನೆಯದು ತಿದ್ದಿಸಿಕೊಂಡು, ಹತ್ತಿಪ್ಪತ್ತು ಪ್ರತಿಗಳು ಪರೀಕ್ಷೆಗೆ ಒಳಗಾಗಿ, ಅನಂತರವೇ ದೊಡ್ಡ ಸಂಖ್ಯೆಯ ಮಾತು ಹುಟ್ಟಿರಬೇಕು. ಈ ಒಂದನ್ನು, ಈ ಹತ್ತನ್ನು ಮಾಡಿಸಿಕೊಳ್ಳುವುದು ಒಂದು ಪ್ರತ್ಯೇಕವಾದ ವಿದ್ಯೆ. ಮಾಡುವವರ ಕೌಶಲವನ್ನು ಕುರಿತು ನಾವು ಅಷ್ಟಿಷ್ಟು ಮಾತನಾಡುತ್ತೇವೆ. ಮಾಡಿಸಿಕೊಳ್ಳುವವರ ಕೌಶಲವನ್ನು ಕುರಿತು ಆಡುವವರೇ ಇಲ್ಲ. ನಮ್ಮ ನಿಜವಾದ ಕೊರತೆಯಿರುವುದು ಈ ಎರಡನೆಯದರಲ್ಲಿ ಎಂಬುದು ನನ್ನ ವಾದ.

ಒಂದೇ ಒಂದರ ಮಹತ್ತ್ವಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಸಿದ್ಧವಾದದ್ದು ಯಾವ ಭವ್ಯ ಪ್ರಯೋಗಮಂದಿರದಲ್ಲಿಯೂ ಅಲ್ಲ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕೆಲಸಕ್ಕೆ ತೊಡಗಿದ ತಂಡವು 360 ಕಿಲೋಗ್ರಾಂ ತೂಕದ ಆ ಯಂತ್ರವನ್ನು ಕಟ್ಟಿ ಮುಗಿಸಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟೊಂದು ಅದನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು ಎಂಬುದು ಸತ್ಯ. ಆದರೆ ಆ ಒಂದನ್ನು ಮಾಡಿದ್ದರಿಂದ ಬಂದ ಅನುಭವವು ನಿಲ್ಲಲಿಲ್ಲ, 1979ರಲ್ಲಿ ಮೇಲಕ್ಕೇರಿದ ಭಾಸ್ಕರ ಉಪಗ್ರಹಕ್ಕೆ ಅದೇ ಆಧಾರವಾಯಿತು. ಉಪಗ್ರಹವೆಂಬುದು ಸ್ವಭಾವದಿಂದಲೇ ಒಂಟಿಯಾದ ವಸ್ತು. ಅದರ ಚೌಕಟ್ಟಾಗಲಿ, ಪೆಟ್ಟಿಗೆಗಳಾಗಲಿ, ಅವನ್ನು ಹಿಡಿದು ನಿಲ್ಲಿಸುವ ಕೊಂಡಿಗಳಾಗಲಿ ಯಾವ ಅಂಗಡಿಯಲ್ಲಿಯೂ ದೊರೆಯುವಂಥವಲ್ಲ. ಪ್ರತಿಯೊಂದನ್ನೂ ಅಳತೆ ಕೊಟ್ಟು, ಲೋಹ ಹೇಳಿ, ತಾಳ್ಮೆಯಿಂದ ಮಾಡಿಸಬೇಕು. ಅಲ್ಲಿ ಮಾಡುವ ಕೈಗೆ ಎಷ್ಟು ಪ್ರಾಧಾನ್ಯವೋ ಬೇಕಾದದ್ದನ್ನು ತಪ್ಪಿಲ್ಲದೆ ಹೇಳುವ ಬುದ್ಧಿಗೂ ಅಷ್ಟೇ ಪ್ರಾಧಾನ್ಯ.

ಮಾಡುವ ಕೈ ನಮ್ಮಲ್ಲಿ ಅಂದಿಗೂ ಇತ್ತು, ಇಂದಿಗೂ ಇದೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್., ಹೀಗೆ ಒಂದರ ಹಿಂದೊಂದು ದೊಡ್ಡ ಸಂಸ್ಥೆಗಳು ಬೆಂಗಳೂರಿನಲ್ಲಿ ನೆಲೆಗೊಂಡ ಮೇಲೆ, ಅವುಗಳ ಅಗತ್ಯವನ್ನು ಪೂರೈಸುವುದಕ್ಕೆಂದು ಸಣ್ಣ ಸಣ್ಣ ವರ್ಕ್‌ಶಾಪುಗಳು ಹುಟ್ಟಿಕೊಂಡುವು. ಅಲ್ಲಿ ಕೈ ಪಳಗಿಸಿಕೊಂಡ ಟರ್ನರುಗಳೂ ಫಿಟ್ಟರುಗಳೂ ಹೊರಬಂದು ಒಂದು ಲೇತು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಸ್ವಂತ ಕಸುಬನ್ನು ಆರಂಭಿಸಿದರು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪಿತವಾದ ಯಂತ್ರೋಪಕರಣ ಸಂಶೋಧನಾ ಸಂಸ್ಥೆ, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ರಾಜಾಜಿನಗರದಲ್ಲಿ ಮೊದಲಾದ ಸರ್ಕಾರಿ ಟೂಲ್ ರೂಮ್, ಇವುಗಳಿಂದ ಹೊರಬಂದ ತರುಣರು ಈ ಪರಂಪರೆಗೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿದರು. ಇಂದು ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಾವ ಬೀದಿಯನ್ನು ಹೊಕ್ಕರೂ ಲೋಹವನ್ನು ಎರಕ ಹೊಯ್ಯಬಲ್ಲ, ಕೊರೆಯಬಲ್ಲ, ಉಜ್ಜಿ ನುಣುಪುಗೊಳಿಸಬಲ್ಲ ಯಂತ್ರಗಳೂ ಜನರೂ ಕಣ್ಣಿಗೆ ಬೀಳುತ್ತಾರೆ. ಇಷ್ಟಿದ್ದರೂ, ಹೊಸತೊಂದನ್ನು ಕಲ್ಪಿಸಿಕೊಂಡು ಅದರ ಎರಡು ಪ್ರತಿಗಳನ್ನು ಮಾಡಿಸಿಕೊಳ್ಳಲು ಹೊರಟ ತರುಣನು ಈ ಬೀದಿಗಳಲ್ಲಿ ಅಲೆದಲೆದು, ಕಡೆಗೆ ಬೇಸತ್ತು ಹಿಂದಿರುಗುವ ಪ್ರಸಂಗವು ಅಪೂರ್ವವಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸಬೇಕಾಗಿದೆ.

ಮೊದಲನೆಯ ಕಾರಣವು ಬೆಲೆಯನ್ನು ಕುರಿತ ತಪ್ಪು ತಿಳಿವಳಿಕೆ. ಅಂಗೈಯಗಲದ ಅಲ್ಯೂಮಿನಿಯಮ್ ತುಂಡೊಂದಕ್ಕೆ ನಾಲ್ಕು ತೂತು, ಒಂದು ಗಾಡಿ, ಎಂದರೆ ತಗ್ಗಾಗಿ ಕೊರೆದ ಕಾಲುವೆ. ಲೋಹದ ಬೆಲೆ ನೂರಿನ್ನೂರು ರೂಪಾಯಿ. ಆದರೆ ಕೊಟೇಷನ್ನಿನಲ್ಲಿ ಸಾವಿರಗಳ ಮೊತ್ತ ಕಂಡಾಗ, ಮಾಡಿಸಿಕೊಳ್ಳಲು ಬಂದವನಿಗೆ ತನ್ನನ್ನು ಸುಲಿಯುತ್ತಿರುವರೆಂಬ ಶಂಕೆ ಹುಟ್ಟುತ್ತದೆ. ಆದರೆ ಒಂದು ಹಿಡಿ ಅಕ್ಕಿಯನ್ನು ಬೇಯಿಸುವುದಕ್ಕೂ ಒಲೆಯನ್ನು ಹೊತ್ತಿಸಲೇಬೇಕಲ್ಲವೆ? ಆ ತುಂಡು ಒಂದೇ ಆಗಲಿ ನೂರೇ ಆಗಲಿ, ಡ್ರಾಯಿಂಗನ್ನು ಓದಿ ಅರ್ಥಮಾಡಿಕೊಳ್ಳಬೇಕು, ಯಾವ ಮುಖವನ್ನು ಮೊದಲು ಕಡೆಯಬೇಕೆಂದು ಯೋಚಿಸಬೇಕು, ಯಂತ್ರಕ್ಕೆ ಪ್ರೋಗ್ರಾಮು ಬರೆಯಬೇಕು, ತುಂಡನ್ನು ಹಿಡಿಯುವ ಬಗೆಯನ್ನು ಹೊಂದಿಸಬೇಕು, ಟೂಲುಗಳನ್ನು ಕಟ್ಟಿ ಅಳತೆ ನೋಡಬೇಕು, ಮೊದಲ ಕಡೆತದ ಅನಂತರ ನಿಲ್ಲಿಸಿ ಪರೀಕ್ಷಿಸಬೇಕು. ಈ ಸಿದ್ಧತೆಗೆ ಮೂರು ಗಂಟೆ ಹಿಡಿಯುವುದೆಂದೂ ಕಡೆಯುವುದಕ್ಕೆ ಹತ್ತೇ ನಿಮಿಷ ಸಾಕೆಂದೂ ಭಾವಿಸೋಣ. ಆಗ ಒಂದನ್ನು ಮಾಡಿಸಿದವನ ಪಾಲಿಗೆ ಬೀಳುವುದು 190 ನಿಮಿಷದ ದುಡಿಮೆ. ನೂರನ್ನು ಮಾಡಿಸಿದವನಿಗೆ ಒಂದೊಂದಕ್ಕೆ 12 ನಿಮಿಷವೂ ಇಲ್ಲ. ಮೊದಲ ಪೀಸಿನ ಬೆಲೆಯಲ್ಲಿ ಲೋಹದ ಭಾಗ ಅತ್ಯಲ್ಪ, ಯಂತ್ರದ ಭಾಗ ಸ್ವಲ್ಪ, ಆಲೋಚನೆಯ ಭಾಗವೇ ಬಹುಪಾಲು. ತೂಕ ನೋಡಿ ಬೆಲೆ ಕಟ್ಟುವ ಅಭ್ಯಾಸದ ನಮಗೆ ಕಣ್ಣಿಗೆ ಕಾಣದ ಆಲೋಚನೆಗೆ ಹಣ ಕೊಡುವುದು ಕಷ್ಟವಾಗಿ ತೋರುತ್ತದೆ.

ಸಂಖ್ಯೆಗೆ ತಕ್ಕ ವಿಧಾನವನ್ನು ಆರಿಸಿಕೊಳ್ಳುವ ವಿವೇಕವೂ ಈ ವಿದ್ಯೆಯ ಒಂದು ಅಂಗ. ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದೋ ಎರಡೋ ಬೇಕಾದರೆ ಪದರದ ಮೇಲೆ ಪದರವಿಟ್ಟು ಬೆಳೆಸುವ ಮೂರು ಆಯಾಮದ ಮುದ್ರಣ ಸಾಕು. ಆದರೆ ಕರಗಿದ ಎಳೆಯಿಂದ ಹಾಗೆ ಬೆಳೆಸಿದ ವಸ್ತುವು ಪದರದ ಉದ್ದಕ್ಕೆ ಗಟ್ಟಿಯಾಗಿಯೂ ಪದರಗಳು ಕೂಡುವಲ್ಲಿ ದುರ್ಬಲವಾಗಿಯೂ ಇರುವುದರಿಂದ, ಎಳೆತಕ್ಕೆ ಗುರಿಯಾಗುವ ದಿಕ್ಕನ್ನು ಮೊದಲೇ ತಿಳಿಸಬೇಕು. ಇಪ್ಪತ್ತರ ಸುಮಾರು ಬೇಕಾದರೆ ಸಿಲಿಕೋನಿನ ಮೃದುವಾದ ಅಚ್ಚಿನಲ್ಲಿ ರಾಳವನ್ನು ಹೊಯ್ದು ತೆಗೆಯಬಹುದು. ಅಂಥ ಅಚ್ಚು ಅಷ್ಟಕ್ಕೇ ಸವೆದುಹೋಗುತ್ತದೆ. ಕೆಲವು ನೂರುಗಳಿಗೆ ಅಲ್ಯೂಮಿನಿಯಮ್ಮಿನ ಮೋಲ್ಡು ತಕ್ಕದ್ದು. ಲಕ್ಷಗಳಿಗೆ ಮಾತ್ರ ಹದಗೊಳಿಸಿದ ಉಕ್ಕಿನ ಮೋಲ್ಡು. ಐವತ್ತು ಪೆಟ್ಟಿಗೆ ಬೇಕಾದವನು ಲಕ್ಷದ ಮೋಲ್ಡನ್ನು ಕೇಳುವುದೂ, ಐವತ್ತು ಸಾವಿರ ಬೇಕಾದವನು ಮುದ್ರಣದ ಯಂತ್ರಗಳನ್ನು ಸಾಲಾಗಿ ನಿಲ್ಲಿಸುವುದೂ ಸಮಾನವಾದ ಅವಿವೇಕ. ಮೋಲ್ಡಿನಿಂದ ಪೀಸು ಕಳಚಿ ಬರಬೇಕಾದರೆ ಅದರ ಗೋಡೆಗಳಿಗೆ ಒಂದೆರಡು ಡಿಗ್ರಿಯ ಓರೆ ಇರಬೇಕೆಂಬ ಸಾಮಾನ್ಯ ನಿಯಮವನ್ನು ಕೂಡ ಅರಿಯದೆ, ಮುದ್ರಣದಲ್ಲಿ ಬಂದದ್ದು ಮೋಲ್ಡಿನಲ್ಲಿಯೂ ಬರಲೇಬೇಕೆಂದು ಹಟ ಹಿಡಿಯುವವರು ಎಷ್ಟು ಮಂದಿಯೋ!

ಈ ತೊಡಕುಗಳನ್ನೆಲ್ಲ ಬಿಡಿಸುವೆವೆಂದು ಕಳೆದ ಕಾಲು ಶತಮಾನದಲ್ಲಿ ಹೊಸ ಬಗೆಯ ಸೇವೆಗಳು ಮುಂದೆ ಬಂದಿವೆ. ಅವುಗಳ ಬೇರು ಹಳೆಯದು. ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿಯೇ ಪ್ರದರ್ಶಿಸಲಾಗಿತ್ತು. ಬೆಳಕಿನಿಂದ ರಾಳವನ್ನು ಪದರಪದರವಾಗಿ ಗಟ್ಟಿಮಾಡುವ ವಿಧಾನಕ್ಕೆ ಚಾರ್ಲ್ಸ್ ಹಲ್ ಎಂಬಾತನು 1984ರಲ್ಲಿ ಅರ್ಜಿ ಹಾಕಿ 1986ರಲ್ಲಿ ಪೇಟೆಂಟು ಪಡೆದನು. ಇವೆರಡಕ್ಕೂ ಗಣಕವು ಕೂಡಿಕೊಂಡಾಗ ಮೂರನೆಯ ಸಾಧ್ಯತೆಯೊಂದು ಹುಟ್ಟಿತು. 1999ರಲ್ಲಿ ಮಿನೆಸೋಟ ಸಂಸ್ಥಾನದಲ್ಲಿ ಲ್ಯಾರಿ ಲೂಕಿಸ್ ಎಂಬ ಎಂಜಿನಿಯರು ಆರಂಭಿಸಿದ, ಈಗ ಪ್ರೋಟೋ ಲ್ಯಾಬ್ಸ್ ಎಂದು ಹೆಸರಾದ ಸಂಸ್ಥೆಯು, ಗಿರಾಕಿ ಕಳುಹಿಸಿದ ಮಾದರಿಯನ್ನು ತಂತ್ರಾಂಶದಿಂದಲೇ ಪರೀಕ್ಷಿಸಿ, ಅದಕ್ಕೆ ಬೆಲೆ ಕಟ್ಟಿ, ಮೋಲ್ಡನ್ನು ಕೊರೆಯುವ ದಾರಿಯನ್ನೂ ಗಣಕದಿಂದಲೇ ಬರೆಸುವ ಪದ್ಧತಿಯನ್ನು ಬಳಕೆಗೆ ತಂದಿತು. ಸ್ವಂತ ಯಂತ್ರಗಳಿಲ್ಲದೆ ನಾನಾ ದೇಶಗಳ ವರ್ಕ್‌ಶಾಪುಗಳಿಗೆ ಕೆಲಸ ಹಂಚುತ್ತಿದ್ದ, ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಹಬ್ಸ್ ಎಂಬ ಸಂಸ್ಥೆಯನ್ನು ಅದು 2021ರಲ್ಲಿ ಕೊಂಡುಕೊಂಡಿತು. ಇದೇ ಬಗೆಯ ಸೇವೆಗಳು ಈಗ ಭಾರತದಲ್ಲಿಯೂ ನಡೆಯುತ್ತಿವೆ. ಮಾದರಿಯನ್ನು ಕಳುಹಿಸಿದ ಕೆಲವು ಕ್ಷಣಗಳಲ್ಲಿಯೇ ಬೆಲೆ ಕಾಣಿಸಿಕೊಳ್ಳುತ್ತದೆ, ದಿನ ನಿಗದಿಯಾಗುತ್ತದೆ, ಪೊಟ್ಟಣವು ಮನೆಬಾಗಿಲಿಗೆ ಬರುತ್ತದೆ.

ಈ ಸೇವೆಗಳನ್ನು ಹಳೆಯ ಕಸುಬಿನ ಅಭಿಮಾನದಿಂದ ಹಳಿಯುವುದು ನ್ಯಾಯವಲ್ಲ. ಪೀಣ್ಯದಲ್ಲಿ ಯಾರ ಪರಿಚಯವೂ ಇಲ್ಲದ, ಬೆಂಗಳೂರಿಗೆ ಬಂದು ಬೀದಿ ಬೀದಿ ಸುತ್ತುವ ಅನುಕೂಲವಿಲ್ಲದ ಕಲಬುರಗಿಯ ವಿದ್ಯಾರ್ಥಿಗೂ ಬಳ್ಳಾರಿಯ ವೈದ್ಯರಿಗೂ ಇವು ಬಾಗಿಲನ್ನು ತೆರೆದಿವೆ. ಸಣ್ಣ ಆರ್ಡರನ್ನು ತಂದವನ ಮುಖವನ್ನು ನೋಡಿ ಉಪೇಕ್ಷೆ ಮಾಡುವ ಅಭ್ಯಾಸ ಗಣಕಕ್ಕೆ ಇಲ್ಲ. ಬೆಲೆ ಎಲ್ಲರಿಗೂ ಒಂದೇ. ಆದರೆ ಗಣಕವು ನೋಡುವುದು ಆಕಾರವನ್ನು, ಉದ್ದೇಶವನ್ನಲ್ಲ. ಗೋಡೆ ತೆಳುವಾಯಿತು, ಗಾಡಿ ಆಳವಾಯಿತು, ಈ ಮೂಲೆಗೆ ಟೂಲು ಹೋಗದು ಎಂದು ಅದು ಎಚ್ಚರಿಸೀತು. ಈ ತುಂಡು ಯಾವ ಭಾರವನ್ನು ಹೊರಬೇಕು, ಯಾವುದರ ಮೇಲೆ ಜಾರಬೇಕು, ನೀರಿನಲ್ಲಿರುವುದೋ ಎಣ್ಣೆಯಲ್ಲಿರುವುದೋ, ರೋಗಿಯ ಮೈಗೆ ತಾಕುವುದೋ ಎಂಬುದನ್ನು ಅದು ತಾನಾಗಿ ಊಹಿಸಲಾರದು. ಕೇಳಿದ್ದನ್ನು ಕೇಳಿದಂತೆಯೇ ಮಾಡಿಕೊಡುವ ಸೇವೆಯ ಮುಂದೆ ನಿಂತವನಿಗೆ ಸರಿಯಾಗಿ ಕೇಳುವ ಹೊಣೆ ಇಮ್ಮಡಿಯಾಗುತ್ತದೆ.

ಸರಿಯಾಗಿ ಕೇಳುವುದೆಂದರೆ ಮುಖ್ಯವಾಗಿ ಅಳತೆಯ ಮಿತಿಯನ್ನು ಹೇಳುವುದು. 20 ಮಿಲಿಮೀಟರಿನ ತೂತು, ಅದಕ್ಕೊಂದು 20 ಮಿಲಿಮೀಟರಿನ ಶಾಫ್ಟು ಎಂದು ಬರೆದುಕೊಟ್ಟವನು ತಾನು ಎಲ್ಲವನ್ನೂ ಹೇಳಿದೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಅವನು ಏನನ್ನೂ ಹೇಳಿಲ್ಲ. ಜಗತ್ತಿನಲ್ಲಿ ಯಾವ ತೂತೂ ನಿಖರವಾಗಿ 20 ಮಿಲಿಮೀಟರ್ ಆಗಿರುವುದಿಲ್ಲ. ಎಷ್ಟು ಹೆಚ್ಚು ಕಡಿಮೆಯಾದರೆ ಒಪ್ಪಿಗೆ ಎಂಬುದೇ ಪ್ರಶ್ನೆ. ತೂತಿಗೆ ಎಚ್7 ಎಂಬ ಅಂತರರಾಷ್ಟ್ರೀಯ ಮಿತಿಯನ್ನು ಕೊಟ್ಟರೆ ಅದು 20.000ದಿಂದ 20.021ರ ಒಳಗೆ ಇರಬೇಕು. ಶಾಫ್ಟಿಗೆ ಜಿ6 ಎಂದರೆ 19.980ರಿಂದ 19.993, ಆಗ ಅದು ತೂತಿನಲ್ಲಿ ಸಲೀಸಾಗಿ ಜಾರುತ್ತದೆ. ಅದೇ ಶಾಫ್ಟಿಗೆ ಪಿ6 ಎಂದರೆ 20.022ರಿಂದ 20.035, ಆಗ ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು, ಕೂತ ಮೇಲೆ ಕೈಯಿಂದ ಕದಲಿಸಲಾಗದು. ಬರಿಗಣ್ಣಿಗೆ ಭೇದವೇ ತೋರದ ಈ ಅಂತರವು ತಿರುಗುವ ಯಂತ್ರವನ್ನೂ ತಿರುಗದ ಯಂತ್ರವನ್ನೂ ಬೇರ್ಪಡಿಸುತ್ತದೆ. ಏನನ್ನೂ ಬರೆಯದೆ ಸಾಮಾನ್ಯ ಮಿತಿ ಸಾಕೆಂದರೆ, ಐಎಸ್‌ಒ 2768ರ ಮಧ್ಯಮ ದರ್ಜೆಯಂತೆ ಆ ತೂತು ಎರಡು ಕಡೆಗೂ 0.2 ಮಿಲಿಮೀಟರಿನಷ್ಟು ಸರಿದಿರಬಹುದು. ಬೇರಿಂಗು ಕೂರುವ ಜಾಗದಲ್ಲಿ ಅದು ಅನರ್ಥ, ಬೋಲ್ಟು ಹಾಯುವ ಜಾಗದಲ್ಲಿ ಅದು ಧಾರಾಳ.

ಇಲ್ಲಿ ಎರಡು ಬಗೆಯ ಅಜ್ಞಾನಗಳು ನಮ್ಮಲ್ಲಿ ಪ್ರಚಲಿತವಾಗಿವೆ. ಎಲ್ಲಿಯೂ ಮಿತಿಯನ್ನೇ ಬರೆಯದಿರುವುದು ಒಂದು. ಭಯದಿಂದ ಎಲ್ಲ ಅಳತೆಗಳಿಗೂ ಅತ್ಯಂತ ಬಿಗಿಯಾದ ಮಿತಿಯನ್ನು ಬರೆದುಬಿಡುವುದು ಮತ್ತೊಂದು. ಮೊದಲನೆಯದರಿಂದ ಪೀಸು ಕೆಡುತ್ತದೆ, ಎರಡನೆಯದರಿಂದ ಕೈ ಖಾಲಿಯಾಗುತ್ತದೆ. ಏಕೆಂದರೆ ಬಿಗಿಯಾದ ಪ್ರತಿಯೊಂದು ಅಳತೆಗೂ ನಿಧಾನವಾದ ಕಡೆತ, ಮತ್ತೊಂದು ಯಂತ್ರ, ಮತ್ತೊಮ್ಮೆಯ ಪರೀಕ್ಷೆ ಬೇಕಾಗುತ್ತವೆ. ಹಾಗೆ ಬಿಗಿಗೊಳಿಸಿದವನು ಉಷ್ಣತೆಯ ವಿಚಾರವನ್ನೂ ನೆನೆಯಬೇಕು. ಅಳತೆಗಳ ಪ್ರಮಾಣ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 100 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಮ್ 10 ಡಿಗ್ರಿ ಹೆಚ್ಚು ಬಿಸಿಯಾದರೆ 23 ಮೈಕ್ರಾನ್ ಹಿಗ್ಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕಡೆದ ಪೀಸನ್ನು ತಂಪಾದ ಕೋಣೆಯಲ್ಲಿ ಅಳೆದು, ಹತ್ತು ಮೈಕ್ರಾನ್ ಕಡಿಮೆಯಾಯಿತೆಂದು ಜಗಳಕ್ಕೆ ನಿಲ್ಲುವವನು ಲೋಹದ ಧರ್ಮದೊಡನೆ ಜಗಳಕ್ಕೆ ನಿಂತಂತೆ.

ಇನ್ನು ಸಣ್ಣವೆಂದು ತೋರುವ, ಆದರೆ ದುಡ್ಡು ತಿನ್ನುವ ಸಂಗತಿಗಳು ಹಲವು. ಮಿಲ್ಲಿಂಗ್ ಟೂಲು ದುಂಡಾಗಿ ತಿರುಗುವುದಾದ್ದರಿಂದ ಗಾಡಿಯ ಒಳಮೂಲೆಯು ಎಂದಿಗೂ ಚೂಪಾಗಿ ಬಾರದು. ಅಲ್ಲಿ ಟೂಲಿನ ಅಳತೆಗೆ ತಕ್ಕ ದುಂಡು ಬಿಡಬೇಕು, ಇಲ್ಲವೆ ಬೇರೆ ವಿಧಾನಕ್ಕೆ ಹಣ ತೆರಬೇಕು. ಆನೊಡೈಸಿಂಗ್ ಮಾಡಿಸಿದರೆ ಅದರ ಪದರದ ಅರ್ಧದಷ್ಟು ಮೇಲ್ಮೈಯಿಂದ ಹೊರಕ್ಕೆ ಬೆಳೆದು ತೂತುಗಳು ಕಿರಿದಾಗುತ್ತವೆ. ಬಣ್ಣ ಚೆನ್ನಾಗಿ ಬಂದಿತೆಂದು ಹಿಗ್ಗಿದವನು ಜೋಡಿಸುವಾಗ ಶಾಫ್ಟು ಇಳಿಯದೆ ಕಂಗೆಡುತ್ತಾನೆ. ಭಾರತದಲ್ಲಿ ಡ್ರಾಯಿಂಗುಗಳನ್ನು ಮೊದಲನೆಯ ಕೋನದ ಪ್ರಕ್ಷೇಪದಲ್ಲಿ ಬರೆಯುವುದು ರೂಢಿ, ಅಮೆರಿಕದಲ್ಲಿ ಮೂರನೆಯ ಕೋನದಲ್ಲಿ; ಯಾವುದೆಂಬ ಗುರುತನ್ನು ಹಾಕದೆ ಕಳುಹಿಸಿದ ಕಾಗದವನ್ನು ಇನ್ನೊಂದು ರೀತಿಯಲ್ಲಿ ಓದಿಕೊಂಡರೆ, ಎಡಕ್ಕಿರಬೇಕಾದ ತೂತು ಬಲಕ್ಕೆ ಬಂದು, ಅಳತೆಗಳೆಲ್ಲ ಸರಿಯಾಗಿದ್ದೂ ಪೀಸು ಕನ್ನಡಿಯೊಳಗಿನ ಪ್ರತಿಬಿಂಬದಂತೆ ತಿರುಗುಮುರುಗಾಗುತ್ತದೆ. ಇವು ಯಾವುವೂ ಗಹನವಾದ ಶಾಸ್ತ್ರಗಳಲ್ಲ. ನಾಲ್ಕಾರು ಪೀಸುಗಳನ್ನು ಗಮನವಿಟ್ಟು ಮಾಡಿಸಿದವರೆಲ್ಲ ಬಲ್ಲಂಥವು. ಆದರೆ ಎಂಜಿನಿಯರಿಂಗ್ ಪದವಿಯನ್ನು ಪಡೆದು ಹೊರಬರುವ ನಮ್ಮ ತರುಣರಲ್ಲಿ ಒಂದೇ ಒಂದು ಪೀಸನ್ನಾದರೂ ಹೊರಗೆ ಹೇಳಿ ಮಾಡಿಸಿದವರು ವಿರಳ.

ಈ ತಿಳಿವಳಿಕೆಯ ಕೊರತೆಯನ್ನು ತುಂಬಿಕೊಡುತ್ತಿದ್ದವನು, ಈಗಲೂ ಅನೇಕ ಕಡೆ ತುಂಬಿಕೊಡುತ್ತಿರುವವನು, ಬೀದಿಯ ವರ್ಕ್‌ಶಾಪಿನ ಯಜಮಾನನೇ. ಅವನು ಕಾಗದವನ್ನು ಕೈಗೆ ತೆಗೆದುಕೊಂಡೊಡನೆ ಬೆಲೆ ಹೇಳುವುದಿಲ್ಲ, "ಸಾರ್, ಇದು ಎಲ್ಲಿ ಕೂರೋದು? ಇದರ ಮೇಲೆ ಏನು ಬರುತ್ತೆ?" ಎಂದು ಕೇಳುತ್ತಾನೆ. "ಬರೀ ಕವರ್ರು, ಧೂಳು ಹೋಗಬಾರದು ಅಷ್ಟೆ" ಎಂದು ಉತ್ತರ ಬಂದರೆ, "ಹಾಗಾದರೆ ಇಷ್ಟು ಟೈಟ್ ಯಾಕೆ ಸಾರ್? ಬಿಲ್ಲೆಟ್ಟಿನಲ್ಲಿ ಕಡೆಯೋದೂ ಬೇಡ, ಶೀಟಲ್ಲಿ ಬೆಂಡ್ ಮಾಡಿಕೊಡ್ತೀನಿ, ಅರ್ಧಕ್ಕರ್ಧ ಉಳಿಯುತ್ತೆ" ಎನ್ನುತ್ತಾನೆ. ಈ ಎರಡು ವಾಕ್ಯಗಳಲ್ಲಿ ಅಡಗಿರುವ ಜ್ಞಾನಕ್ಕೆ ಅವನು ಬೇರೆಯಾಗಿ ಬಿಲ್ಲು ಹಾಕುವುದಿಲ್ಲ; ತನ್ನ ವರಮಾನವನ್ನು ತಾನೇ ಕಡಿಮೆ ಮಾಡಿಕೊಂಡು ಗಿರಾಕಿಯ ವಿನ್ಯಾಸವನ್ನು ತಿದ್ದಿಕೊಡುತ್ತಾನೆ. ಅಂಥವನಿಗೆ ನಾವು ಕೊಡುವ ಪ್ರತಿಫಲವೇನು ಎಂಬುದನ್ನು ನೋಡಿದರೆ ನಾಚಿಕೆಪಡಬೇಕಾಗುತ್ತದೆ.

ನಮ್ಮ ಕೈಗಾರಿಕಾ ವಲಯದಲ್ಲಿ ಬಹುಕಾಲದಿಂದ ಒಂದು ಅನಿಷ್ಟ ಸಂಪ್ರದಾಯವಿದೆ. "ಈಗ ಎರಡು ಸ್ಯಾಂಪಲ್ ಮಾಡಿಕೊಡಿ, ಓಕೆ ಆದರೆ ಐದು ಸಾವಿರದ ಆರ್ಡರ್ ನಿಮಗೇ" ಎಂಬ ಮಾತು ಕೇಳದ ವರ್ಕ್‌ಶಾಪು ಪೀಣ್ಯದಲ್ಲಿ ಇರಲಾರದು. ಆ ಆಸೆಯಿಂದ ಅವನು ಸಿದ್ಧತೆಯ ವೆಚ್ಚವನ್ನು ತಾನೇ ನುಂಗಿಕೊಂಡು, ಮೂರು ಬಾರಿ ತಿದ್ದಿ, ಒಪ್ಪಿಗೆಯಾಗುವ ಪೀಸನ್ನು ಕೊಡುತ್ತಾನೆ. ಅನಂತರ ಆಗುವುದು ಎರಡರಲ್ಲಿ ಒಂದು: ಆ ಐದು ಸಾವಿರ ಹುಟ್ಟುವುದೇ ಇಲ್ಲ, ಹುಟ್ಟಿದರೆ, ಅವನೇ ತಿದ್ದಿ ಒಪ್ಪಗೊಳಿಸಿದ ಡ್ರಾಯಿಂಗು ಹತ್ತು ಜನರ ಕೈಗೆ ಹೋಗಿ, ಪೀಸಿಗೆ ಎರಡು ರೂಪಾಯಿ ಕಡಿಮೆ ಹೇಳಿದವನ ಪಾಲಾಗುತ್ತದೆ. ಕಡಿಮೆ ಹೇಳುವುದು ಆ ಎರಡನೆಯವನಿಗೆ ಸುಲಭ, ಏಕೆಂದರೆ ಆಲೋಚನೆಯ ವೆಚ್ಚವನ್ನು ಮೊದಲನೆಯವನು ಆಗಲೇ ತೆತ್ತಿದ್ದಾನೆ. ಹೀಗೆ ಎರಡು ಮೂರು ಬಾರಿ ಕೈಸುಟ್ಟುಕೊಂಡವನು ಮುಂದೆ ಸಣ್ಣ ಆರ್ಡರನ್ನು ಹಿಡಿದು ಬಂದ ಯಾರನ್ನೇ ಆಗಲಿ ಬಾಗಿಲಿನಿಂದಲೇ ಕಳುಹಿಸಿಬಿಡುತ್ತಾನೆ. ಕಲ್ಪನೆಯುಳ್ಳ ಬಡ ತರುಣನು ಬೀದಿಯಲ್ಲಿ ಅಲೆದು ಬೇಸತ್ತು ಹಿಂದಿರುಗುವುದಕ್ಕೆ ಕಾರಣ, ಅವನಿಗಿಂತ ಮೊದಲು ಆ ಬಾಗಿಲಿಗೆ ಬಂದಿದ್ದ ಶ್ರೀಮಂತ ಗಿರಾಕಿಗಳು ಮಾಡಿಟ್ಟ ಸಾಲ.

ಹಣ ಕೊಡುವ ಕಾಲದ ವಿಷಯದಲ್ಲಿಯೂ ಇದೇ ಕಥೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಧಿನಿಯಮದ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಸರಕನ್ನು ಒಪ್ಪಿಕೊಂಡ 45 ದಿನಗಳೊಳಗೆ ಸಣ್ಣ ಉದ್ದಿಮೆಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನು ತೆರಬೇಕು. ಇದು ಸಾಲದೆಂದು, ಹಾಗೆ ಬಾಕಿ ಉಳಿಸಿಕೊಂಡ ಮೊತ್ತವನ್ನು ಪಾವತಿ ಮಾಡುವ ತನಕ ವೆಚ್ಚವಾಗಿ ತೋರಿಸಿ ತೆರಿಗೆಯಲ್ಲಿ ಕಳೆಯಲಾಗದಂತೆ 2023ರಲ್ಲಿ ಆದಾಯ ತೆರಿಗೆಯ ಕಾನೂನಿಗೂ ತಿದ್ದುಪಡಿಯಾಯಿತು. ಕಾನೂನು ಬಲವಾಗಿಯೇ ಇದೆ. ಆದರೆ ನಾಳೆಯೂ ಅದೇ ಗಿರಾಕಿಯ ಬಾಗಿಲಿಗೆ ಹೋಗಬೇಕಾದ ಸಣ್ಣ ಯಜಮಾನನು ಅವನ ಮೇಲೆ ದೂರು ಕೊಡುವ ಧೈರ್ಯವನ್ನು ಎಲ್ಲಿಂದ ತಂದಾನು? ಇಲ್ಲಿ ಬೇಕಾಗಿರುವುದು ಮಾಡಿಸಿಕೊಂಡವನ ಮರ್ಯಾದೆ. ಅದನ್ನು ಕಾನೂನು ಹುಟ್ಟಿಸಲಾರದು, ವ್ಯಾಪಾರದ ಲೋಕಾಭಿಪ್ರಾಯ ಮಾತ್ರ ಹುಟ್ಟಿಸಬಲ್ಲದು.

ತಪ್ಪೆಲ್ಲ ಮಾಡಿಸಿಕೊಳ್ಳುವವರದೇ ಎಂದು ನನ್ನ ಅಭಿಪ್ರಾಯವಲ್ಲ. "ನಾಳೆ ಸಂಜೆಗೆ ರೆಡಿ" ಎಂಬ ವಾಕ್ಯವನ್ನು ಅರ್ಥವಿಲ್ಲದ ಉಪಚಾರವಾಗಿ ಬಳಸುವುದು, ತಡವಾದರೆ ಫೋನನ್ನೇ ಎತ್ತದಿರುವುದು, ಇ.ಎನ್.24 ಕೇಳಿದವನಿಗೆ ಇ.ಎನ್.8 ಉಕ್ಕನ್ನೂ 316 ಕೇಳಿದವನಿಗೆ 304 ಸ್ಟೇನ್‌ಲೆಸ್ಸನ್ನೂ ಕೊಟ್ಟು ಸುಮ್ಮನಿರುವುದು, ಅಳತೆಯ ವರದಿಯನ್ನು ಕೇಳಿದರೆ "ನಂಬಿಕೆ ಇಲ್ವಾ ಸಾರ್" ಎಂದು ಮುನಿಸಿಕೊಳ್ಳುವುದು, ಇವು ನಮ್ಮ ವರ್ಕ್‌ಶಾಪುಗಳ ಪ್ರಸಿದ್ಧ ದೋಷಗಳು. ಗಣಕದ ಮೂಲಕ ನಡೆಯುವ ಸೇವೆಗಳು ಗಿರಾಕಿಗಳನ್ನು ಸೆಳೆದುಕೊಂಡದ್ದು ಕಡಿಮೆ ಬೆಲೆಯಿಂದ ಎನ್ನುವುದಕ್ಕಿಂತ, ಹೇಳಿದ ದಿನಕ್ಕೆ ಹೇಳಿದ ಲೋಹದಲ್ಲಿ ತಲುಪಿಸುವ ಭರವಸೆಯಿಂದ ಎನ್ನುವುದು ಹೆಚ್ಚು ಸರಿ. ಲೋಹದ ಪ್ರಮಾಣಪತ್ರವನ್ನೂ ಮುಖ್ಯ ಅಳತೆಗಳ ವರದಿಯನ್ನೂ ಕೇಳದೆಯೇ ಪೀಸಿನೊಡನೆ ಕೊಡುವ ಅಭ್ಯಾಸವನ್ನು ಬೆಳೆಸಿಕೊಂಡ ಸಣ್ಣ ವರ್ಕ್‌ಶಾಪು ಈ ಸ್ಪರ್ಧೆಗೆ ಹೆದರಬೇಕಾದ ಕಾರಣವಿಲ್ಲ. ಗಿರಾಕಿಯ ಉದ್ದೇಶವನ್ನು ವಿಚಾರಿಸಿ ತಿಳಿಯುವ ಶಕ್ತಿ ಅದಕ್ಕೆ ಆಗಲೇ ಇದೆ, ಗಣಕಕ್ಕೆ ಇನ್ನೂ ಇಲ್ಲ.

ಇಷ್ಟೆಲ್ಲ ಗೊಡವೆ ಏಕೆ, ಚೀನದ ಶೆಂಜೆನ್ನಿಗೆ ಕಳುಹಿಸಿದರೆ ಇನ್ನೂ ಅಗ್ಗವಾಗಿ ಮಾಡಿಕೊಡುವರಲ್ಲ ಎಂದು ಕೇಳುವವರಿದ್ದಾರೆ. ಕೇಳುವುದು ಅನ್ಯಾಯವಲ್ಲ, ಸಣ್ಣ ಆರ್ಡರನ್ನು ಗೌರವದಿಂದ ಕಾಣುವುದರಲ್ಲಿಯೂ ವೇಗದಲ್ಲಿಯೂ ಅಲ್ಲಿಯ ವರ್ಕ್‌ಶಾಪುಗಳಿಂದ ನಾವು ಕಲಿಯಬೇಕಾದದ್ದು ಬಹಳ. ಸಿದ್ಧವಾದ ವಿನ್ಯಾಸವನ್ನು ಅಲ್ಲಿಂದ ತರಿಸಿಕೊಳ್ಳುವುದರಲ್ಲಿ ಪಾಪವೂ ಇಲ್ಲ. ಆದರೆ ಮೊದಲ ಪ್ರತಿಯ ಮುಖ್ಯ ಪ್ರಯೋಜನವು ಆ ಪ್ರತಿಯಲ್ಲ. ಅದು ಏಕೆ ಕೆಟ್ಟಿತೆಂಬ ತಿಳಿವಳಿಕೆ. ಕೆಟ್ಟದ್ದನ್ನು ಕೈಯಲ್ಲಿ ಹಿಡಿದುಕೊಂಡು ಮಾಡಿದವನ ಎದುರಿಗೆ ನಿಂತು ಮಾತನಾಡಬಲ್ಲವನು ಒಂದು ವಾರದಲ್ಲಿ ಕಲಿಯುವುದನ್ನು, ಸುಂಕದ ಕಟ್ಟೆಯನ್ನು ದಾಟಿ ಬರುವ ಪೊಟ್ಟಣಕ್ಕಾಗಿ ಕಾಯುವವನು ತಿಂಗಳಾದರೂ ಕಲಿಯಲಾರನು. ಕಲಿತರೂ ಆ ಕಲಿಕೆಯ ಅರ್ಧ ಭಾಗ, ಅಂದರೆ ಮಾಡಿದವನ ಭಾಗ, ಆಚೆಯ ದೇಶದಲ್ಲಿಯೇ ಉಳಿದುಬಿಡುತ್ತದೆ. ಆರ್ಯಭಟದ ತಂಡಕ್ಕೆ ಪೀಣ್ಯದಲ್ಲಿ ದೊರೆತ ಲಾಭ ಇಂಥದು: ಮಾಡಿದವರೂ ಮಾಡಿಸಿದವರೂ ಒಂದೇ ಊರಿನಲ್ಲಿ ಉಳಿದರು, ಎರಡನೆಯದಕ್ಕೆ ಮೊದಲನೆಯದರ ಅನುಭವವು ಕೈಗೆಟುಕುವಂತಿತ್ತು.

ಹಾಗಾದರೆ ಮಾಡತಕ್ಕದ್ದೇನು? ಮೂರು ಸಂಗತಿಗಳನ್ನು ಸೂಚಿಸಬಹುದು. ಒಂದು, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಸಿದ್ಧವಾಗಿ ಕೊಂಡು ತರುವ ಹಾಸ್ಯಾಸ್ಪದ ಪದ್ಧತಿಯನ್ನು ನಿಲ್ಲಿಸಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಬರೆದ ಡ್ರಾಯಿಂಗಿನಿಂದ ಒಂದಾದರೂ ಪೀಸನ್ನು ಹೊರಗಿನ ವರ್ಕ್‌ಶಾಪಿನಲ್ಲಿ ಮಾಡಿಸಿ, ಅದನ್ನು ಅಳೆದು, ಎಲ್ಲಿ ತಪ್ಪಿತೆಂದು ಬರೆದುಕೊಡುವುದನ್ನು ಕಡ್ಡಾಯ ಮಾಡಬೇಕು. ಪೀಸು ಕೆಟ್ಟರೆ ಅಂಕ ಕಳೆಯಬಾರದು, ಏಕೆ ಕೆಟ್ಟಿತೆಂದು ತಿಳಿಯದಿದ್ದರೆ ಕಳೆಯಬೇಕು. ಎರಡು, ರಾಜ್ಯದ ಜಿಲ್ಲೆಗಳಲ್ಲಿ ಹರಡಿರುವ ಸರ್ಕಾರಿ ಟೂಲ್ ರೂಮುಗಳು ತಮ್ಮ ಯಂತ್ರಗಳ ಕಾಲದಲ್ಲಿ ಒಂದು ನಿಶ್ಚಿತ ಭಾಗವನ್ನು ಒಂದರಿಂದ ಹತ್ತರವರೆಗಿನ ಆರ್ಡರುಗಳಿಗೆ ಮೀಸಲಿಟ್ಟು, ಅದರ ದರವನ್ನು ಬಹಿರಂಗವಾಗಿ ಪ್ರಕಟಿಸಬೇಕು; ಆಗ ಖಾಸಗಿ ವರ್ಕ್‌ಶಾಪಿಗೂ ಗಿರಾಕಿಗೂ ನ್ಯಾಯವಾದ ಬೆಲೆಯ ಒಂದು ಅಳತೆಗೋಲು ದೊರೆಯುತ್ತದೆ. ಮೂರು, ಸಾರ್ವಜನಿಕ ರಂಗದ ಸಂಸ್ಥೆಗಳೂ ದೊಡ್ಡ ಕಂಪನಿಗಳೂ ತಮ್ಮ ಪರ್ಚೇಸ್ ಆರ್ಡರಿನಲ್ಲಿ ಮೊದಲ ಪೀಸಿನ ಸಿದ್ಧತೆಯ ವೆಚ್ಚಕ್ಕೆ ಒಂದು ಪ್ರತ್ಯೇಕ ಸಾಲನ್ನು ಇಡಬೇಕು. ಮುಂದಿನ ದೊಡ್ಡ ಆರ್ಡರು ಬಂದರೂ ಬಾರದಿದ್ದರೂ ಆ ಸಾಲಿನ ಹಣ ಸಲ್ಲಬೇಕು. ಮುಂದೆ ಬರುವ ಆರ್ಡರಿನ ಮಾತನ್ನು ಬೆಲೆಯ ಚರ್ಚೆಯಲ್ಲಿ ಎತ್ತುವುದನ್ನೇ ಅಸಭ್ಯವೆಂದು ಭಾವಿಸುವ ಸಂಪ್ರದಾಯ ಹುಟ್ಟಬೇಕು.

ಈ ಮೂರಕ್ಕೂ ಹೊಸ ಯೋಜನೆಯಾಗಲಿ ಹೊಸ ಇಲಾಖೆಯಾಗಲಿ ಬೇಕಾಗಿಲ್ಲ. ಮೂರನೆಯದಕ್ಕಂತೂ ಕೊಳ್ಳುವ ಅಧಿಕಾರಿಯ ಒಂದು ಸಹಿ ಸಾಕು. ನಾಳೆ ಬೆಳಗ್ಗೆ ಪೀಣ್ಯದ ಯಾವುದೋ ವರ್ಕ್‌ಶಾಪಿಗೆ ಹೋಗಲಿರುವ ಆರ್ಡರಿನಿಂದಲೇ ಅದನ್ನು ಆರಂಭಿಸಬಹುದು. ಸಾವಿರಗಟ್ಟಲೆ ಮಾಡುವ ಯಂತ್ರಗಳನ್ನು ಯಾವ ದೇಶವಾದರೂ ಹಣವಿದ್ದರೆ ಕೊಂಡು ತಂದೀತು. ಒಂದನ್ನು ಹೇಗೆ ಕೇಳಬೇಕು, ಅದಕ್ಕೆ ಎಷ್ಟು ಕೊಡಬೇಕು, ಕೆಟ್ಟರೆ ಯಾರೊಡನೆ ಹೇಗೆ ಮಾತನಾಡಬೇಕು ಎಂಬುದನ್ನು ಮಾತ್ರ ಕೊಂಡು ತರಲಾಗುವುದಿಲ್ಲ. ಅದನ್ನು ಇಲ್ಲಿಯೇ, ಗಿರಾಕಿಯೂ ಟರ್ನರನೂ ಒಬ್ಬರನ್ನೊಬ್ಬರು ನಂಬುವಂತೆ ನಡೆದುಕೊಂಡು, ಬೆಳೆಸಿಕೊಳ್ಳಬೇಕು. ಹಣವು ಗಿರಾಕಿಯ ಕೈಯಲ್ಲಿರುವುದರಿಂದ ಮೊದಲ ಹೆಜ್ಜೆಯನ್ನು ಅವನೇ ಇಡತಕ್ಕದ್ದು.